ಕವರ್ ನಿಂದು, ರೆಕಾರ್ಡ್ ನಂದು

"ನನ್ನ ರೆಕಾರ್ಡುಗಳು ಯಾವುವು ಅಂತ ನೋಡಿ ಬೇಗ ಕೊಟ್ಟುಬಿಡಿ. ಅಕ್ಕ ಕೆಳಗೆ ಕಾರಲ್ಲಿ ಕಾಯ್ತಿದ್ದಾಳೆ," ಎಂದಳು ಅವಳು, ಬಾಗಿಲಲ್ಲೇ ನಿಂತು.

ಗಂಡ ಅವಳನ್ನೇ ನೋಡಿದ. "ನಾನು ಯಾವಾಗಿಂದ 'ಬಿಡಿ' ಆದೆ? ಹದಿನಾಲ್ಕು ವರ್ಷ 'ಬಿಡೋ' ಆಗಿದ್ದೆನಲ್ಲ!"

ಅವಳಿಗೆ ನಗು ಬರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಬಗ್ಗಿ ಬಗ್ಗಿ ಜನರ ರಕ್ತ ತೆಗೆದು ಬೆನ್ನು ಬಿದ್ದುಹೋಗಿತ್ತು. ಅಕ್ಕನ ಮನೆಯ ಮಹಡಿಕೋಣೆ ಸೇರಿ ಮೂರು ತಿಂಗಳಾಗಿತ್ತು. ಹೊಡೆದಾಟವಿಲ್ಲ, ಬಡಿದಾಟವಿಲ್ಲ. ಅವಳು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಅವನು ಡ್ರೈವಿಂಗ್ ಕಲಿಸಲು ಹೊರಟಿರುತ್ತಿದ್ದ. ಅವನು ಬರುವ ಹೊತ್ತಿಗೆ ಅವಳಿಗೆ ನಿದ್ದೆ. ಮಾತೆಲ್ಲ ಸೊರಗಿ ಫ್ರಿಜ್ಜಿನ ಮೇಲಿನ ಚೀಟಿಯಾಗಿತ್ತು. 'ಗ್ಯಾಸ್ ಮುಗಿದಿದೆ.' ಒಂದು ದಿನ ಅವಳೂ ಚೀಟಿ ಅಂಟಿಸಿ ಹೊರಟುಬಿಟ್ಟಳು: 'ಅಕ್ಕನ ಮನೇಲಿರ್ತೀನಿ.'

ಆಮೇಲೆ ಈ ಮಹಾನುಭಾವ ಒಂದೇ ಒಂದು ಫೋನ್ ಮಾಡಿರಲಿಲ್ಲ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಇವತ್ತು ತನ್ನ ರೆಕಾರ್ಡುಗಳನ್ನೂ ಒಯ್ದುಬಿಟ್ಟರೆ ಮತ್ತೆ ಇಲ್ಲಿಗೆ ಬರಲು ನೆಪವೇ ಉಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಒಳಬಂದು, ನೆಲದ ಮೇಲೆ ಕಾಲು ಚಾಚಿ ಕುಳಿತು ರೆಕಾರ್ಡುಗಳ ರಾಶಿಯಿಂದ ಮೊದಲನೆಯದನ್ನು ಎತ್ತಿಕೊಂಡಳು. ಕವರಿನ ಮೂಲೆಯಲ್ಲಿ ಅವಳ ಸಹಿ. ರೆಕಾರ್ಡ್ ಹೊರಗೆಳೆದರೆ ಲೇಬಲ್ಲಿನ ಮೇಲೆ ಅವನ ಸಹಿ! ಎರಡನೆಯದರಲ್ಲಿ ಕವರ್ ಅವನದು, ರೆಕಾರ್ಡ್ ಅವಳದು. ಮೂರನೆಯದೂ ಅಷ್ಟೇ.

"ಅಯ್ಯಯ್ಯೋ, ಇದೇನಿದು ಕಲಬೆರಕೆ?"

"ನಿಂದೇ ಐಡಿಯಾ ತಾಯಿ. ಮದುವೆ ಆದಾಗ ಇಬ್ಬರ ಹತ್ರಾನೂ ಅವೇ ಹಾಡು, ಎಲ್ಲ ಎರಡೆರಡು. ಚೆನ್ನಾಗಿರೋ ಕವರಿಗೆ ಚೆನ್ನಾಗಿರೋ ರೆಕಾರ್ಡ್ ಹಾಕಿ, ಮಿಕ್ಕಿದ್ದನ್ನ ನೀನೇ ಗುಜರಿಗೆ ಕೊಟ್ಟೆ. 'ನಾವೇನು ಬೇರೆ ಆಗ್ತೀವಾ' ಅಂದೆ."

"ಅಂದೆನಾ?"

"ಅಂದೆ. ನನ್ನ ರೆಕಾರ್ಡುಗಳೇ ಚೆನ್ನಾಗಿದ್ದಿದ್ದು, ಅದು ಬೇರೆ ವಿಷಯ."

"ಹೋಗೋ! ನಿನ್ನವು ಬರೀ ಗೀರು. ಬಾಣಲೆ ಉಜ್ಜೋ ಹಾಗೆ ಒರೆಸ್ತಿದ್ದೆ."

ಬಾಯಿಂದ 'ಹೋಗೋ' ಜಾರಿದ್ದು ಅವಳಿಗೆ ತಡವಾಗಿ ತಿಳಿಯಿತು. ಅವನು ಓರೆಗಣ್ಣಲ್ಲಿ ಒಮ್ಮೆ ನೋಡಿ, ತುಟಿ ಕಚ್ಚಿಕೊಂಡು, ರೆಕಾರ್ಡಿನ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದ. ಆ ಕಳ್ಳನೋಟ! ಹಾಳಾದ್ದು, ಈಗಲೂ ಅವಳ ಎದೆ ಝಲ್ಲೆಂದಿತು.

"ಒಂದು ಹಾಡು ಕೇಳಿ ಹೋಗು," ಎಂದು ಅವನು ಪ್ಲೇಯರಿನ ಮುಳ್ಳನ್ನು ಮೆತ್ತಗೆ ಇಳಿಸಿದ.

ಕರಕರ ಸದ್ದಿನ ಹಿಂದಿನಿಂದ ಹಾಡು ಬಂತು. ಅವಳು ಗೋಡೆಗೆ ತಲೆಯೊರಗಿಸಿದಳು. ತಡೆದುಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ಕಣ್ಣು ತುಂಬಿಬಿಟ್ಟಿತು.

"ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?"

"ದಿನಾ ನಂಬರ್ ತೆಗೀತಿದ್ದೆ. ನೀನು ಮಲಗಿರ್ತೀಯೇನೋ ಅಂತ ಇಟ್ಟುಬಿಡ್ತಿದ್ದೆ."

"ಮೂರು ತಿಂಗಳೂ ಮಲಗೇ ಇದ್ನಾ?"

ಅವನು ತಲೆ ತಗ್ಗಿಸಿದ. "ಹೆದರಿಕೆ ಕಣೇ. 'ಬರಲ್ಲ' ಅಂದುಬಿಟ್ರೆ ಏನ್ಮಾಡ್ಲಿ? ನೀನಿಲ್ದೆ ನಂಗೆ ಆಗ್ತಿಲ್ಲ. ಹೋದ ವಾರದಿಂದ ಸಂಜೆ ಕ್ಲಾಸ್ ಬಿಟ್ಟಿದ್ದೀನಿ. ನೀನು ಬರೋ ಹೊತ್ತಿಗೆ ಮನೇಲಿರೋಣ ಅಂತ."

"ನಾನು ಬರ್ತೀನಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಂಗೆ ಜಗಳ ಆಡೋಕೂ ತ್ರಾಣ ಇಲ್ಲ ಕಣೋ."

"ಈಗ ಮಲಕ್ಕೋ. ಎದ್ದ ಮೇಲೆ ಆಡೋಣ. ನಾನೆಲ್ಲೂ ಹೋಗಲ್ಲ."

ಕೆಳಗೆ ಹಾರ್ನ್ ಕೂಗಿತು. ಅವಳು ಫೋನ್ ಮಾಡಿದಳು. "ಅಕ್ಕಾ, ನೀನು ಹೊರಡು. ನಾಳೆ ನನ್ನ ಬಟ್ಟೆ ತಂದುಕೊಡ್ತೀಯಾ?"

"ನಾಳೆ ಯಾಕೆ? ನಾನೇ ತುಂಬಿಟ್ಟ ನಿನ್ನ ಸೂಟ್‌ಕೇಸ್ ಡಿಕ್ಕೀಲೇ ಇದೆ," ಎಂದಳು ಅಕ್ಕ. "ನಿನ್ನ ಗಂಡನ್ನ ಕೆಳಗೆ ಕಳಿಸು, ನನ್ನ ಕೈಲಿ ಎತ್ತೋಕಾಗಲ್ಲ."