ಪ್ಯಾರಿಸ್‌ನಿಂದ ತರಿಸಿದ್ದು

ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಆ ಕೋಣೆಗೆ ಅವಳು ಮೊದಲ ಸಲ ಬಂದಾಗ ಟೈಲರ್ ಮಾಸ್ಟರ್ ತಲೆಯೆತ್ತಿಯೂ ನೋಡಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬೊಂಬೆಯ ಮೈಗೆ ಕೋರಾ ಬಟ್ಟೆ ಹೊದಿಸುತ್ತಿದ್ದ. ಬಂದವಳ ಕಾಲಲ್ಲಿ ಸವೆದ ಚಪ್ಪಲಿ, ಕೈಯಲ್ಲಿ ಯಾವುದೋ ಹಳೆಯ ಪತ್ರಿಕೆಯಿಂದ ಹರಿದ ಹಾಳೆ. ಹಾಳೆಯಲ್ಲಿ ಕಪ್ಪು ಗೌನು ತೊಟ್ಟು ಬೆನ್ನು ತಿರುಗಿಸಿ ನಿಂತ ಹೆಂಗಸು. ಹೀಗೇ ಒಂದು ಬೇಕು ಎಂದಳು.

ಇಂಥ ಹಾಳೆ ಹಿಡಿದು ದೊಡ್ಡ ಮನೆಗಳಿಂದ ಕೆಲಸದ ಹುಡುಗಿಯರು ಬರುವುದು ಅವನಿಗೆ ಹೊಸದಲ್ಲ. ಸೂಜಿಗಳನ್ನು ಅಂಗೈಗೆ ತೆಗೆದುಕೊಂಡು, "ನಿಮ್ಮ ಮೇಡಮ್ಮನ್ನೇ ಕಳ್ಸಿ. ಅಳತೆ ಇಲ್ದೆ ನಾನು ಕತ್ತರಿ ಮುಟ್ಟಲ್ಲ," ಎಂದ.

"ಮೇಡಮ್ಮು ನಾನೇ," ಎಂದಳು ಅವಳು. "ಸದ್ಯಕ್ಕೆ ಅದು ನನಗೊಬ್ಬಳಿಗೇ ಗೊತ್ತು, ಅಷ್ಟೇ."

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅವನ ಅಕ್ಕ ಫಕ್ಕನೆ ನಕ್ಕಳು. ಮಾಸ್ಟರ್ ಆಗ ತಲೆಯೆತ್ತಿದ. ಉದ್ದನೆಯ ಕತ್ತು, ಅದರ ಮೇಲೆ ಸ್ವಲ್ಪ ಓರೆಯಾಗಿ ಕೂತ ತಲೆ, ನಾಚಿಕೆಯನ್ನು ಹಟದಿಂದ ಮುಚ್ಚಿಕೊಂಡ ಕಣ್ಣು. ನೀರಿನ ಅಂಚಿನಲ್ಲಿ ನಿಂತ ಕೊಕ್ಕರೆಯಂತೆ ಕಂಡಳು. ಆ ಹೆಸರು ಆ ಕ್ಷಣವೇ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಬಾಯಿಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಸಿನಿಮಾದಲ್ಲಿ ನಾಯಕಿಯ ಗೆಳತಿಯ ಪಾತ್ರ ಮಾಡಿದ್ದಳಂತೆ. ಪ್ರಶಸ್ತಿ ಸಮಾರಂಭಕ್ಕೆ ಕರೆ ಬಂದಿದೆ, ಉಡಲು ಏನೂ ಇಲ್ಲ. ಅಷ್ಟು ಹೇಳಿ ಅವಳು ಗೋಡೆಯತ್ತ ತಿರುಗಿದಳು. ಕಟಿಂಗ್ ಮೇಜಿನ ಎದುರಿನ ಗೋಡೆಯ ತುಂಬ ಪ್ಯಾರಿಸ್‌ನ ಹೆಸರಾಂತ ದರ್ಜಿಗಳ ಉಡುಪಿನ ಚಿತ್ರಗಳಿದ್ದವು: ಡಿಯೋರ್‌ನ ಬಿಗಿದ ಸೊಂಟ, ಶನೆಲ್‌ಳ ಕಪ್ಪು, ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೈಮೇಲೆ ನೀರಿನಂತೆ ಇಳಿಸುತ್ತಿದ್ದ ವಿಯೊನೆಯ ಗೌನುಗಳು. ಪ್ಯಾರಿಸ್ ಅನ್ನು ಅವನು ಕಂಡವನಲ್ಲ. ಆದರೆ ಅವರ ಬಗ್ಗೆ ಮನೆಯ ಹಿರಿಯರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದ. ಅವಳು ತಂದ ಹಾಳೆಯನ್ನು ಬೆಳಕಿಗೆ ಹಿಡಿದು, ಇದಕ್ಕೆ ಕ್ರಾಸ್ ಕಟ್ಟೇ ಆಗಬೇಕು, ನೇರ ಕತ್ತರಿಸಿದರೆ ವಿಯೊನೆಯಮ್ಮ ಒಪ್ಪುವುದಿಲ್ಲ ಎಂದ. ವಿಯೊನೆಯಮ್ಮ ಯಾರು, ನಿಮ್ಮ ಅತ್ತೆಯಾ ಎಂದು ಅವಳು ಕೇಳಿದಳು.

ಟ್ರಯಲ್‌ನ ದಿನ ಅವಳು ಕನ್ನಡಿಯ ಮುಂದೆ ನಿಂತಳು. ಕಪ್ಪು ಬಟ್ಟೆಯ ಮೇಲೆ ಕಚ್ಚಾ ಹೊಲಿಗೆಯ ಬಿಳಿ ದಾರಗಳು ಹಾಗೇ ಇದ್ದವು. ಹಿಂದೆ ಮಂಡಿಯೂರಿ ಅಂಚು ಮಡಿಸುತ್ತಿದ್ದವನನ್ನು ಅವಳು ಕನ್ನಡಿಯೊಳಗಿಂದ ನೋಡುತ್ತಿದ್ದಳು. ಅವನು ನೋಡಿದಾಗ ಕಣ್ಣು ಕೀಳುವಳು. ಅವನು ಅಂಚಿಗೆ ಮರಳಿದಾಗ ಮತ್ತೆ ನೋಡುವಳು. ಅಲುಗಾಡಬೇಡಿ ಎಂದ. ಉಸಿರಾಡಬಹುದಾ ಎಂದಳು. ಸ್ವಲ್ಪ, ಎಂದ. ಅವನ ಕೈ ಆ ದಿನ ಅಂಚನ್ನು ಎರಡು ಸಲ ತಪ್ಪು ಮಡಿಸಿತು. ಅಕ್ಕ ಅದನ್ನು ಕಂಡೂ ಕಾಣದಂತೆ ಸೂಜಿಗೆ ದಾರ ಪೋಣಿಸಿದಳು.

ಸಮಾರಂಭದಲ್ಲಿ ಎಲ್ಲ ಕ್ಯಾಮೆರಾಗಳೂ ಅವಳ ಬೆನ್ನ ಹಿಂದೆ ಬಿದ್ದವು. ಇದನ್ನು ಯಾರು ಮಾಡಿದ್ದು ಎಂದು ವರದಿಗಾರನೊಬ್ಬ ಮೈಕು ಹಿಡಿದ. ಗಡಿಯಾರದಂಗಡಿ ಮೇಲಿನ ಟೈಲರ್ ಎಂದು ಹೇಳಲು ಬಾಯಿ ತೆರೆದಿದ್ದಳು. ಪಕ್ಕದಲ್ಲಿ ನಿಂತಿದ್ದ ದೊಡ್ಡ ನಾಯಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ತುಟಿ ಕೊಂಕಿಸಿದ್ದು ಕಂಡಿತು. "ಪ್ಯಾರಿಸ್‌ನಿಂದ ತರಿಸಿದ್ದು," ಎಂದುಬಿಟ್ಟಳು.

ಮರುದಿನ ಪತ್ರಿಕೆಗಳಲ್ಲಿ ಅದೇ ಬಂತು. ಅವಳು ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಬಂದು, ಬೈಸಿಕೊಳ್ಳಲು ಸಿದ್ಧಳಾಗಿ ಬಾಗಿಲಲ್ಲಿ ನಿಂತಳು. ಮಾಸ್ಟರ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಪ್ಯಾರಿಸ್‌ನಲ್ಲಿ ಚಳಿ ಹೇಗಿದೆ ಎಂದು ಕೇಳಿದ. ಅವಳು ನಕ್ಕಳು, ನಗುತ್ತ ನಗುತ್ತ ಚೂರುಬಟ್ಟೆಗಳ ರಾಶಿಯ ಮೇಲೆ ಕುಸಿದಳು. ಅವನಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಅಕ್ಕ ಒಬ್ಬಳೇ ನಗಲಿಲ್ಲ. ಸುಳ್ಳಿಗೆ ಬಟ್ಟೆ ಹೊಲಿದುಕೊಟ್ಟರೆ ಆಮೇಲೆ ಅದನ್ನು ದಿನಾ ಒಗೆದು ಇಸ್ತ್ರಿ ಮಾಡಬೇಕಾಗುತ್ತದೆ ಎಂದಳು.

ಹಾಗೇ ಆಯಿತು. ಅವಳು ನಾಯಕಿಯಾದಳು. ಹಳೆಯ ಕಾಲದ ತಾರೆಯರ ಗತ್ತು, ಹಳೆಯ ಪ್ಯಾರಿಸ್‌ನ ಸೊಬಗು, ಇವಳಂತೆ ಉಡುವವರು ಯಾರೂ ಇಲ್ಲ ಎಂದು ಪತ್ರಿಕೆಗಳು ಬರೆದವು. ಬೂದುಬಣ್ಣದ ರೇಷ್ಮೆ, ಮೊಣಕೈವರೆಗಿನ ಕೈಗವಸು, ಭುಜದಿಂದ ಜಾರುವ ಮಖಮಲ್ಲಿನ ಮೇಲಂಗಿ, ಎಲ್ಲವೂ ಗಡಿಯಾರದಂಗಡಿಯ ಮೇಲಿಂದಲೇ ಹೋದವು. ಪ್ಯಾರಿಸ್‌ನ ಯಾವ ಅಂಗಡಿಯದು ಎಂದು ಕೇಳಿದರೆ ಅವಳು ಹೆಸರು ಹೇಳದೆ ನಗುತ್ತಿದ್ದಳು. ಆ ನಗುವನ್ನೂ ಜನ ಫ್ಯಾಷನ್ ಎಂದುಕೊಂಡರು.

ಮಾಸ್ಟರಿಗೆ ಅದರಿಂದ ನೋವಾಗಲಿಲ್ಲವೇ ಎಂದರೆ, ಆ ದಿನಗಳಲ್ಲಿ ಇಲ್ಲ. ಊರಿಗೆಲ್ಲ ಗೊತ್ತಿಲ್ಲದ ಒಂದು ಮಾತು ತಮ್ಮಿಬ್ಬರಿಗೆ ಮಾತ್ರ ಗೊತ್ತು ಎನ್ನುವುದೇ ಅವನಿಗೆ ಮುತ್ತಿನಷ್ಟು ಸಿಹಿಯಾಗಿತ್ತು. ಆಮೇಲೆ ಮುತ್ತೂ ಬಂತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಷಿನ್ನುಗಳೆಲ್ಲ ನಿಂತಾಗ, ಕೊಕ್ಕರೆ ಎಂಬ ಹೆಸರು ಅವನ ಬಾಯಿಂದ ಜಾರಿತು. ಯಾರು ಕೊಕ್ಕರೆ ಎಂದು ಜಗಳಕ್ಕೆ ಬಂದವಳು, ಗುರುತು ಹಾಕುವ ಸೀಮೆಸುಣ್ಣದ ಪುಡಿ ಮೆತ್ತಿದ ಅವನ ಅಂಗೈಯನ್ನು ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡಳು. ಅದೇ ಕೆನ್ನೆಯಲ್ಲಿ ಶೂಟಿಂಗಿಗೆ ಹೋದಳು. ಮೇಕಪ್‌ನವನು ಒರೆಸಿಹಾಕಿದನಂತೆ. ಸಂಜೆ ಬಂದು, "ಇನ್ನೊಂದು ಸಲ ಹಚ್ಚು," ಎಂದು ಕೆನ್ನೆ ಒಡ್ಡಿದಳು.

ಮದುವೆಯ ಮಾತನ್ನು ಅವನು ಎತ್ತಿದ. ಅವಳು ಬೇಡವೆನ್ನಲಿಲ್ಲ. ಈ ಪಿಕ್ಚರ್ ಮುಗಿಯಲಿ ಎಂದಳು. ಮುಗಿಯಿತು, ಇನ್ನೊಂದು ಶುರುವಾಗಿತ್ತು. ಒಂದು ದಿನ ನಾನೇ ವೇದಿಕೆ ಮೇಲೆ ನಿಂತು ಹೇಳುತ್ತೇನೆ, ಇದೆಲ್ಲ ಇವನ ಕೈಯದು, ನಾನೂ ಇವನವಳು ಎಂದು ಹೇಳುತ್ತೇನೆ, ನೋಡುತ್ತಿರು ಎಂದಳು. ಹೇಳುವಾಗ ಅವಳ ಕಣ್ಣು ತುಂಬುತ್ತಿತ್ತು. ಆ ಮಾತನ್ನು ಅವಳು ನಿಜವಾಗಿಯೂ ನಂಬಿದ್ದಳು. ಅವನ ದುರದೃಷ್ಟ ಇದ್ದದ್ದೇ ಅಲ್ಲಿ; ಅವಳು ನಟಿಸಿದ್ದರೆ ಅವನು ಎಂದೋ ಕಂಡುಹಿಡಿಯುತ್ತಿದ್ದ.

ಅವಳ ಒಂದು ಚಿತ್ರದ ಮೊದಲ ಪ್ರದರ್ಶನಕ್ಕೆ ಹೋಗಿದ್ದ. ನಿರ್ಮಾಪಕರೊಬ್ಬರು ಇವರು ಯಾರು ಎಂದು ವಿಚಾರಿಸಿದರು. ಅವಳ ಮುಖದಲ್ಲಿ ಏನೋ ಒಂದು ಹೊಯ್ದಾಡಿತು. ನಮ್ಮ ಟೈಲರ್, ಗುಂಡಿ ಗಿಂಡಿ ಕಿತ್ತರೆ ಹಾಕಿಕೊಡುತ್ತಾರೆ ಎಂದಳು. ಅವನು ಸಿನಿಮಾ ನೋಡದೆ ಮನೆಗೆ ನಡೆದುಬಂದ. ಮರುದಿನ ಅವಳು ಬಂದು ಅತ್ತಳು, ಅವನು ಸಮಾಧಾನ ಮಾಡಿದ. ತಪ್ಪು ಮಾಡಿದವಳನ್ನು ತಪ್ಪಿಗೆ ಸಿಕ್ಕವನೇ ಸಂತೈಸುವುದನ್ನು ಅಕ್ಕ ಸುಮ್ಮನೆ ನೋಡಿದಳು. ಅವಳು ಹೋದ ಮೇಲೆ ಹೇಳಿದ್ದು ಇಷ್ಟೇ: "ಹಿತ್ತಲ ಗಿಡ ಮದ್ದಲ್ಲ ಕಣೋ. ಅದನ್ನ ನೀನಾದ್ರೂ ತಿಳ್ಕೋ."

ಅವಳ ಗೌನುಗಳ ಪ್ರದರ್ಶನವೊಂದನ್ನು ಮ್ಯೂಸಿಯಮ್ಮಿನವರು ಏರ್ಪಡಿಸಿದಾಗ ಎಲ್ಲ ಕುಸಿಯಿತು. ಬೇಡವೆನ್ನು ಎಂದು ಮಾಸ್ಟರ್ ಹೇಳಿದ್ದ. ಅವಳಿಗೆ ಇಲ್ಲವೆನ್ನಲು ಕಾರಣ ಸಿಗಲಿಲ್ಲ. ಸಿಗುವಷ್ಟು ಹುಡುಕಲೂ ಇಲ್ಲ. ಹಳೆಯ ಉಡುಪುಗಳನ್ನು ಪರೀಕ್ಷಿಸುವ ಪರಿಣತೆಯೊಬ್ಬಳು ಒಂದು ಗೌನಿನ ಲೈನಿಂಗ್ ಬಿಚ್ಚಿ ನೋಡಿ, ಕೆಲಸ ಅಪ್ಪಟ ಬಂಗಾರ, ಆದರೆ ಇದು ಪ್ಯಾರಿಸ್ ಕಂಡದ್ದಲ್ಲ, ಜಿಪ್ಪು ಇದೇ ಊರಿನ ಸಗಟು ಅಂಗಡಿಯದು ಎಂದಳು. ಸಂಜೆಯೊಳಗೆ ಅದು ಎಲ್ಲ ಚಾನೆಲ್ಲುಗಳಲ್ಲೂ ಇತ್ತು.

ಮರುದಿನ ಬಂದದ್ದು ಅವಳಲ್ಲ, ಅವಳ ಮ್ಯಾನೇಜರ್. ಕುರ್ಚಿ ಒರೆಸಿಕೊಂಡು ಕೂತು, ನಯವಾಗಿ ಮಾತಾಡಿದ. ಮೇಡಮ್ ಪಾಪ, ಪ್ಯಾರಿಸ್ ಮಾಲೆಂದು ನಂಬಿ ತೆಗೆದುಕೊಂಡರು, ಕೊಟ್ಟವರು ನೀವು. ಹೀಗಂದರೆ ಮೇಡಮ್ ಉಳಿಯುತ್ತಾರೆ. ನೀವು ಏನೂ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಇದು ಅವಳ ಮಾತೋ ನಿಮ್ಮದೋ ಎಂದು ಮಾಸ್ಟರ್ ಕೇಳಿದ. ಮ್ಯಾನೇಜರ್ ಫೋನ್ ಹಚ್ಚಿ ಅವನ ಕೈಗೆ ಕೊಟ್ಟ.

ಆ ಕಡೆ ಅವಳಿದ್ದಳು. ನಿಜ ಹೇಳಿಬಿಡು ಎಂದು ಅವನು ಬೇಡಿಕೊಂಡ. ಬಡ ಹುಡುಗಿ, ಟೈಲರ್, ಒಂದು ಸಣ್ಣ ತುಂಟ ಸುಳ್ಳು. ಜನ ನಕ್ಕು ಕ್ಷಮಿಸುತ್ತಾರೆ, ನಿನ್ನನ್ನು ಇನ್ನಷ್ಟು ಮೆಚ್ಚುತ್ತಾರೆ ಎಂದ.

"ನನ್ನ ಕೈಲಿ ಆಗಲ್ಲ," ಎಂದಳು ಅವಳು. "ನನ್ನ ನೋಡಿ ನಗ್ತಾರೆ. ಅದೊಂದು ನಂಗೆ ಆಗಲ್ಲ. ನೀನು ತಡ್ಕೋತೀಯ. ನಂಗೋಸ್ಕರ."

ತಡ್ಕೋತೀಯಾ ಎಂದು ಅವಳು ಕೇಳಲಿಲ್ಲ, ತಡ್ಕೋತೀಯ ಎಂದು ಹೇಳಿದಳು. ಅವನು ಫೋನ್ ಹಿಂದಕ್ಕೆ ಕೊಟ್ಟ.

ಅವಳು ಟಿವಿಯಲ್ಲಿ ಕಾಣಿಸಿಕೊಂಡಾಗ ಅಕ್ಕ ತಮ್ಮ ಇಬ್ಬರೂ ನೋಡಿದರು. ಅವನೇ ಹೊಲಿದ ತಿಳಿನೀಲಿ ಡ್ರೆಸ್ ಹಾಕಿದ್ದಳು. ನಂಬಿದೆ, ಮೋಸ ಹೋದೆ, ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ ಎಂದಳು. ಕಣ್ಣಂಚಿನಲ್ಲಿ ನೀರು ನಿಂತಿತ್ತು, ಬೀಳಲಿಲ್ಲ. ಅಕ್ಕ ಎದ್ದು ಟಿವಿ ಆರಿಸಿ, ಈಗಲೇ ಪತ್ರಿಕೆಯವರನ್ನು ಕರೆಸು ಎಂದಳು. ನಾನು ಬಾಯಿ ಬಿಟ್ಟರೆ ಅವಳು ಸುಳ್ಳಿಯಾಗುತ್ತಾಳೆ ಎಂದ ಅವನು.

"ಬಿಡದಿದ್ರೆ ನೀನು ಕಳ್ಳ ಆಗ್ತೀಯ."

"ಆಗಿದ್ದಾಯ್ತಲ್ಲ ಅಕ್ಕ."

ಗಿರಾಕಿಗಳು ಕೊಟ್ಟ ಬಟ್ಟೆಗಳನ್ನು ಹೊಲಿಯದೆಯೇ ವಾಪಸು ಒಯ್ದರು. ಒಬ್ಬ ಹೆಂಗಸು ತನ್ನ ರೇಷ್ಮೆಯನ್ನು ಅವನ ಎದುರೇ ಬಿಡಿಸಿ, ಎಲ್ಲಾದರೂ ಬದಲಾಯಿಸಿದ್ದಾನೋ ಎಂದು ಬೆಳಕಿಗೆ ಹಿಡಿದು ನೋಡಿದಳು. ಕಟ್ಟಡದ ಮಾಲೀಕ ಬೇರೆ ಜಾಗ ನೋಡಿಕೊಳ್ಳಿ ಎಂದ. ಖಾಲಿ ಮಾಡುವ ದಿನ ಅಕ್ಕ ಗೋಡೆಯ ಚಿತ್ರಗಳನ್ನು ಜೋಪಾನವಾಗಿ ತೆಗೆದು ಸುತ್ತಿಕೊಂಡು ಬಂದಳು, ಅವನು ಬೇಡ ಎಂದ. ಊರಿನ ಇನ್ನೊಂದು ಮೂಲೆಯ ಮಹಡಿಯೊಂದರಲ್ಲಿ ಅಕ್ಕ ತಮ್ಮ ಆಸ್ಪತ್ರೆಯ ದಾದಿಯರಿಗೆ ಬಿಳಿ ಕೋಟು ಹೊಲಿಯಲು ಶುರುಮಾಡಿದರು. ಎಲ್ಲ ಒಂದೇ ನಮೂನೆ. ಚಿಕ್ಕದು, ದೊಡ್ಡದು, ತೀರಾ ದೊಡ್ಡದು. ಯಾರ ಕತ್ತೂ ಅಳೆಯಬೇಕಾಗಿರಲಿಲ್ಲ.

ಅವಳು ಬಂದದ್ದು ಬಹಳ ಕಾಲದ ಮೇಲೆ, ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ. ಸಾದಾ ಹತ್ತಿಯ ಉಡುಪು, ಕಟ್ಟದ ಕೂದಲು. ಕಣ್ಣ ಸುತ್ತ ಸಣ್ಣ ಗೆರೆಗಳು ಬಂದಿದ್ದವು. ಅವನಿಗೆ ಅವಳು ಅಷ್ಟು ಚೆಂದ ಎಂದೂ ಕಂಡಿರಲಿಲ್ಲ. ಅಕ್ಕ ಎದ್ದು ಒಳಗೆ ಹೋದಳು.

ಅವಳು ಬಿಳಿ ಕೋಟುಗಳ ರಾಶಿಯನ್ನು ನೋಡಿದಳು, ಅವನ ಕಿವಿಯಂಚಿನ ನರೆತ ಕೂದಲನ್ನು ನೋಡಿದಳು. ನಿದ್ದೆ ಬರುತ್ತಿಲ್ಲ ಎಂದಳು. ಯಾರು ಹೊಲಿದದ್ದೂ ಮೈಗೆ ಕೂರುವುದಿಲ್ಲ ಎಂದಳು. ಅವನು ಸೀಮೆಸುಣ್ಣ ಕೆಳಗಿಟ್ಟ.

"ನಿನ್ನ ಬಿಟ್ಟು ನಂಗೆ ಯಾರೂ ಇರ್ಲಿಲ್ಲ, ಈಗ್ಲೂ ಇಲ್ಲ. ನಿನ್ನನ್ನೇ ಪ್ರೀತಿಸ್ದೆ. ಅದೊಂದು ಸುಳ್ಳಲ್ಲ."

"ಗೊತ್ತು," ಎಂದ ಅವನು.

ಅವಳು ಹತ್ತಿರ ಬಂದು ಅವನ ಎದೆಗೆ ಹಣೆಯಿಟ್ಟಳು. ಇಷ್ಟು ಕಾಲ ಗಂಟು ಹಾಕಿ ಹಿಡಿದಿದ್ದ ಏನೋ ಒಂದು ಅವನೊಳಗೆ ಸಡಿಲವಾಯಿತು. ಕೈ ತಾನಾಗಿ ಎದ್ದು ಅವಳ ಬೆನ್ನ ಮೇಲೆ ಕೂತಿತು. ಎಲ್ಲ ಹೇಳಿಬಿಡುತ್ತೇನೆ ಎಂದಳು ಅವಳು, ಅವನ ಅಂಗಿಯೊಳಕ್ಕೇ ಹೇಳುವಂತೆ. ಈ ಸಲ ನಿಜವಾಗಿ. ನನ್ನ ಬದುಕಿನ ಮೇಲೆ ಒಂದು ಚಿತ್ರ ಮಾಡುತ್ತಿದ್ದಾರೆ. ನಟಿ ಮತ್ತು ಅವಳ ಟೈಲರ್, ಕೊಟ್ಟ ಮಾತು, ತಪ್ಪಿದ ಮಾತು, ಕ್ಷಮೆ. ಕೇಳಿದವರೆಲ್ಲ ಅಳುತ್ತಾರೆ. ನಾನು ನಿನ್ನ ಕೈ ಹಿಡಿದು ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ.

ಅವನ ಕೈ ಅವಳ ಬೆನ್ನ ಮೇಲೇ ಇತ್ತು. ಕೆಳಗೆ ಯಾರಿದ್ದಾರೆ ಎಂದು ಕೇಳಿದ.

ಕ್ಯಾಮೆರಾದವರು ಎಂದಳು ಅವಳು. ನೀನು ಒಪ್ಪಿದರೆ ಮಾತ್ರ ಮೇಲೆ ಬರುತ್ತಾರೆ. ನಾನು ಮೊದಲು ಒಬ್ಬಳೇ ಹೋಗುತ್ತೇನೆ ಎಂದು ಅವರಿಗೆ ಹೇಳಿಯೇ ಬಂದೆ.

"ನೀನು ಈಗ ಬಂದದ್ದು ನಂಗೋಸ್ಕರಾನೋ, ಚಿತ್ರಕ್ಕೋಸ್ಕರಾನೋ?"

"ಎರಡೂ," ಎಂದಳು. "ಎರಡೂ ನಿಜ. ಬಿಡಿಸಿ ಹೇಳು ಅಂದ್ರೆ ನಂಗೂ ಆಗಲ್ಲ."

ಅದು ಅವಳು ಅವನಿಗೆ ಹೇಳಿದ ಅತ್ಯಂತ ಪ್ರಾಮಾಣಿಕ ಮಾತಾಗಿತ್ತು. ಅವನು ಅವಳನ್ನು ಮೆಲ್ಲಗೆ ತನ್ನಿಂದ ದೂರ ಸರಿಸಿ, ಹಣೆಯ ಕೂದಲು ಹಿಂದಕ್ಕೆ ಮಾಡಿದ. ಕ್ಷಮಿಸಿ ಬಹಳ ದಿನವಾಯಿತು ಎಂದ. ನನ್ನ ಬಗ್ಗೆ ಏನು ಬೇಕಾದರೂ ಹೇಳು, ನಾನು ಕ್ಯಾಮೆರಾ ಮುಂದೆ ಬರುವುದಿಲ್ಲ.

"ನೀನಿಲ್ದೆ ಹೇಳಿದ್ರೆ ಯಾರು ನಂಬ್ತಾರೆ?"

"ಹಂಗಿದ್ರೆ ಹೇಳ್ಬೇಡ. ಅವರನ್ನ ಕಳ್ಸಿ ಬಾ. ನೀನೊಬ್ಳೇ ಬಾ. ಬಂದ್ರೆ, ನಿನ್ನೆ ಹೋಗಿ ಇವತ್ತು ಬಂದ್ಲು ಅಂತ ಅಂದ್ಕೋತೀನಿ. ಯಾಕೆ, ಏನು ಅಂತ ಒಂದು ಮಾತೂ ಕೇಳಲ್ಲ."

ಅವಳು ಬರುತ್ತೇನೆ ಎಂದು ತಲೆಯಾಡಿಸಿದಳು. ಬಾಗಿಲಲ್ಲಿ ಒಮ್ಮೆ ತಿರುಗಿ, ಕಣ್ಣೊರೆಸಿಕೊಂಡು ನಕ್ಕಳು ಕೂಡ.

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಇಳಿಯುತ್ತ ಹೋಯಿತು. ಕೆಳಗೆ ಮಾತು ಕೇಳಿತು. ಮ್ಯಾನೇಜರನ ದನಿ, ಅವಳ ದನಿ, ಮತ್ತೆ ಅವನ ದನಿ. ಮಾಸ್ಟರ್ ಮಷಿನ್ ಹಚ್ಚಲಿಲ್ಲ, ಕತ್ತರಿ ಎತ್ತಲಿಲ್ಲ. ಹೆಜ್ಜೆ ಕೇಳದೆ ಹೋದೀತೆಂದು ಉಸಿರನ್ನೂ ತಗ್ಗಿಸಿ ನಿಂತ. ಕೆಳಗೆ ಅವಳ ದನಿ ನಿಂತುಹೋಯಿತು. ಕಾರಿನ ಬಾಗಿಲು ಒಂದು ಮುಚ್ಚಿತು. ಅದು ಹೋಗುವವರದು ಎಂದುಕೊಂಡ. ಇನ್ನೊಂದು ಮುಚ್ಚಿತು. ಮೆಟ್ಟಿಲ ಮೇಲೆ ಹೆಜ್ಜೆ ಬರಲಿಲ್ಲ.

ಕಾರು ಬೀದಿಯ ತಿರುವು ದಾಟಿ, ಅದರ ಸದ್ದು ಬೇರೆ ಸದ್ದುಗಳಲ್ಲಿ ಬೆರೆತುಹೋದ ಮೇಲೂ ಅವನು ಬಾಗಿಲ ಕಡೆಗೇ ಮುಖಮಾಡಿ ನಿಂತಿದ್ದ. ಅಕ್ಕ ಒಳಗಿನಿಂದ ಬಂದಳು. ತಮ್ಮನನ್ನು ದಾಟಿ ಹೋಗಿ ಬಾಗಿಲು ಹಾಕಿದಳು.