ಹಿತ್ತಿಲಿನ ಹಳಿ, ಬೃಂದಾಳ ಸಿಟ್ಟು

"ಇದನ್ನ ನಾ ನಿಮಗ ಕೊಡಂಗಿಲ್ರಿ."

ಬೃಂದಾಳ ಕಿವಿ ಕೆಂಪಾಯಿತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಆಟದ ರೈಲು ಮಾರುವ ಪುಟ್ಟ ಅಂಗಡಿ ಅದು. ಅವಳು ಆರಿಸಿದ ಹಳಿಯ ಡಬ್ಬವನ್ನು ಆ ಯುವಕ ಅವಳ ಕೈಯಿಂದಲೇ ತೆಗೆದುಕೊಂಡು ವಾಪಸ್ ಮೇಲಿಟ್ಟುಬಿಟ್ಟಿದ್ದ.

"ಯಾಕ್ರೀ? ನನ್ನ ನೋಡಿದ್ರೆ ಕೊಳ್ಳೋರ ಥರ ಕಾಣಲ್ವಾ?"

"ಹಂಗಲ್ರಿ. ಹಿತ್ತಲದಾಗ ಹಾಕ್ತೀನಿ ಅಂದ್ರಿ. ಇದು ತಗಡು, ಮನಿಯೊಳಗ ಓಡ್ಸೋದು. ಒಂದು ಮಳಿ ಬಿದ್ರ ತುಕ್ಕು ಹಿಡೀತದ. ಹೊರಗಂದ್ರ ಹಿತ್ತಾಳಿ ಹಳಿನ ಬೇಕು."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅವಳಿಗೆ ಇನ್ನೂ ಉರಿ ಹತ್ತಿದ್ದು ಅದಕ್ಕೇ. ಸರಿಯಾದ ಮಾತನ್ನೇ ಸ್ವಲ್ಪ ನಯವಾಗಿ ಹೇಳಿದ್ದರೆ ಇವನ ಅಪ್ಪನ ಮನೆ ಗಂಟೇನು ಹೋಗುತ್ತಿತ್ತು?

ಅವನ ಹೆಸರು ದುರ್ಗೇಶ. ಸಿಂಧನೂರಿನ ಕಡೆಯವನು, ದೊಮ್ಮಲೂರಿನಲ್ಲಿ ಬಾಡಿಗೆ ಕೋಣೆ. ರೈಲು ಮಾರುವುದೂ ಅವನೇ, ಮನೆಗೆ ಬಂದು ಹಳಿ ಜೋಡಿಸಿಕೊಡುವುದೂ ಅವನೇ.

ರೈಲು ಬೇಕಾಗಿದ್ದದ್ದು ಅವಳಿಗಲ್ಲ, ಅಪ್ಪನಿಗೆ. ವೆಂಕಟಸ್ವಾಮಿ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಲಿವರ್ ಎಳೆದು, ಗಾಡಿ ಯಾವ ಹಳಿಗೆ ಹೊರಳಬೇಕೋ ಆ ಹಳಿಗೆ ದಾರಿ ಮಾಡಿಕೊಡುವ ಕೆಲಸ. ಲಕ್ವ ಹೊಡೆದು ಬಲಗೈ ಸೋತ ಮೇಲೆ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಕಾಲು ಚೆನ್ನಾಗಿದೆ, ಓಡಾಡಲಿ, ಕೈ ಆಡಿಸಲಿ, ಈಗ ಬಿಟ್ಟರೆ ಆ ಕೈ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಗದರಿದ್ದರು. ಅಪ್ಪ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು.

ಜೋಗುಪಾಳ್ಯದ ಅವರ ಮನೆಯ ಹಿಂದೆ ಸೀಬೆಮರವಿರುವ ಅಂಗೈಯಗಲದ ಹಿತ್ತಿಲಿತ್ತು. ಅಲ್ಲಿ ಒಂದು ರೈಲು ಓಡಿದರೆ ಅಪ್ಪ ಎದ್ದು ಬಂದಾರು... ಬೃಂದಾಳಿಗಿದ್ದದ್ದು ಅದೊಂದೇ ಆಸೆ.

ಅವಳು ಕೆಲಸಕ್ಕೆ ಹೋಗಿದ್ದಾಗ ದುರ್ಗೇಶ ಬಂದು ಹಿತ್ತಿಲು ಅಳೆದುಕೊಂಡು ಹೋದ. ಆಮೇಲೆ ಭಾನುವಾರಗಳಂದು ಬಂದು ಹಳಿ ಹಾಕತೊಡಗಿದ. ಸೀಬೆಯ ಒಂದು ರೆಂಬೆಯನ್ನೂ ಕಡಿಯಕೂಡದು ಎಂದು ಅವಳು ಜಗಳ ತೆಗೆದಳು. ಅವನು ಹಳಿಯನ್ನೇ ಮರದ ಸುತ್ತ ಬಳಸಿದ. ಹಳಿಗೆ ಇರುವೆ ಹತ್ತಿದರೆ ಏನು ಮಾಡಬೇಕು ಎಂದು ಕೇಳಲು ಫೋನ್ ಮಾಡಿದ ಹುಡುಗಿ ಗಂಟೆಗಟ್ಟಲೆ ಮಾತಾಡಿದಳು ಅಂದರೆ, ಮುಂದಿನದನ್ನು ನೀವೇ ಅರ್ಥ ಮಾಡಿಕೊಳ್ಳಿ.

ಹಳಿ ಕವಲೊಡೆಯುವ ಕಡೆ ಪಾಯಿಂಟ್ ಬೇಕಲ್ಲ, ಅದರ ವಿಷಯದಲ್ಲಿ ಮಾತ್ರ ಅವಳು ಮೊದಲ ದಿನ ಅಂಗಡಿಯಲ್ಲೇ ಖಡಾಖಂಡಿತವಾಗಿ ಹೇಳಿದ್ದಳು.

"ರಿಮೋಟಿಂದೇ ಹಾಕ್ಬೇಕು. ಕೂತಲ್ಲೇ ಗುಂಡಿ ಒತ್ತಿದ್ರೆ ತಿರುಗ್ಬೇಕು. ಅಪ್ಪಂಗೆ ಎಳೆಯೋಕಾಗಲ್ಲ."

ಅವನು ತಲೆಯಾಡಿಸಿದ್ದ.

ಕೊನೆಯ ಭಾನುವಾರ ಅವಳು ಅಡುಗೆ ಮುಗಿಸಿ ಹಿತ್ತಿಲಿಗೆ ಬರುವಷ್ಟರಲ್ಲಿ ದುರ್ಗೇಶ ಪಾಯಿಂಟ್ ಕೂಡಿಸಿ, ರೈಲು ಓಡಿಸಿ ನೋಡುತ್ತಿದ್ದ. ಪಾಯಿಂಟಿನ ಪಕ್ಕದಲ್ಲಿ ಗಟ್ಟಿ ಸ್ಪ್ರಿಂಗಿನ, ಕೈಯಿಂದ ಎಳೆಯುವ ಲಿವರ್ ನಿಂತಿತ್ತು.

"ದುರ್ಗೇಶ್, ಏನಿದು?"

"ಪಾಯಿಂಟ್ರಿ."

"ನಂಗೂ ಕಣ್ಣಿದೆ. ರಿಮೋಟಿಂದೆಲ್ಲಿ?"

"ಅದು ಬ್ಯಾಡ್ರಿ. ಇದಾ ಇರ್ಲಿ."

"ಬೇಡ ಅನ್ನೋಕೆ ನೀವ್ಯಾರ್ರೀ? ಕೈ ಸೋತಿರೋ ಮನುಷ್ಯನ ಮುಂದೆ ಇದನ್ನಿಟ್ಟು ಅಣಕಿಸ್ತೀರಾ? ಕಾರಣ ಹೇಳಿ."

"ಕಾರಣ ಹೇಳಾಕ ಬರಂಗಿಲ್ರಿ."

ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಬಟ್ಟೆ ಹರವುವುದನ್ನು ಬಿಟ್ಟು ಕಾಂಪೌಂಡಿನ ಮೇಲೆ ಇಣುಕಿದರು. ಬೃಂದಾಳಿಗೆ ಅದರ ಪರಿವೆಯೇ ಇರಲಿಲ್ಲ. ಖರ್ಚಾಗದೆ ಉಳಿದ ಮಾಲನ್ನು ತಂದು ನನ್ನ ತಲೆಗೆ ಕಟ್ಟಿದನಲ್ಲ... ಇಂಥವನ ಫೋನಿಗಾಗಿ ಕಾಯುತ್ತಿದ್ದೆನಲ್ಲ, ನನಗೆ ಬುದ್ಧಿ ಇದೆಯಾ!

"ಮೋಸಗಾರ ನೀವು. ನೋಡಿ, ನನ್ನ ಕೈಗೇ ಬಗ್ಗಲ್ಲ ಇದು!"

ಹಾಗೆಂದವಳೇ ಎರಡೂ ಕೈಯಲ್ಲಿ ಹಿಡಿದು ಎಳೆದಳು. ರೈಲು ಆಗ ಪಾಯಿಂಟ್ ದಾಟುತ್ತಿತ್ತು. ಎಂಜಿನ್ ಒಂದು ಹಳಿಗೆ ಹೋಯಿತು, ಬೋಗಿಗಳು ಇನ್ನೊಂದಕ್ಕೆ ಹೊರಳಿದವು. ಎಲ್ಲವೂ ಕನಕಾಂಬರದ ಪಾತಿಗೆ ಮಗುಚಿ ಬಿದ್ದವು.

"ಯಾವನೋ ಅವ್ನು? ಗಾಡಿ ಮೇಲಿರುವಾಗ ಪಾಯಿಂಟ್ ತಿರುಗ್ಸೋನು?"

ಹಿತ್ತಿಲ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಲುಂಗಿ ಅರ್ಧ ಜಾರಿತ್ತು, ಸಿಟ್ಟಿಗೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನಾನೇ ಅಪ್ಪಾ..."

"ನೀನಾ? ಪಾಯಿಂಟ್ಸ್‌ಮನ್ ಹೊಟ್ಟೇಲಿ ಹುಟ್ಟಿ? ಕಡೇ ಡಬ್ಬಿ ದಾಟೋವರ್ಗೂ ಲಿವರ್ ಮುಟ್ಟಬಾರ್ದು ಅಂತ ಅನ್ನ ಕಲಸಿ ಕೊಡ್ವಾಗ್ಲೇ ಹೇಳಿಲ್ವಾ? ಜನ ಇದ್ದಿದ್ರೆ ಏನ್ ಗತಿ?"

ಬೈಯುತ್ತಾ ಬೈಯುತ್ತಾ ಮೆಟ್ಟಿಲಿಳಿದು ಬಂದರು. ಅವರು ಹೊರಗೆ ಬಂದಿದ್ದಾರೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ, ಹೇಳಿದರೆ ಎಲ್ಲಿ ವಾಪಸ್ ಹೋಗಿಬಿಡುತ್ತಾರೋ ಎಂಬ ಭಯ. ದುರ್ಗೇಶ ಬೇಗಬೇಗ ಬೋಗಿಗಳನ್ನು ಹಳಿಗೆ ಏರಿಸಿದ.

ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತರು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಲಿವರ್ ಮೇಲಿಟ್ಟರು. ಬೆರಳು ಮಡಚಿಕೊಳ್ಳಲು ಎಷ್ಟೋ ಹೊತ್ತು ಹಿಡಿಯಿತು. ಎಳೆದರು, ಲಿವರ್ ಅಲ್ಲಾಡಲಿಲ್ಲ. ಹಣೆಯ ನರ ಉಬ್ಬಿತು. ಬೃಂದಾ ಮುಂದೆ ಹೋಗಲು ನೋಡಿದಳು, ದುರ್ಗೇಶ ಅವಳ ಮಣಿಕಟ್ಟು ಹಿಡಿದುಕೊಂಡ.

"ತಡೀರಿ. ಅವರಿಗೆ ಬಿಡ್ರಿ."

ಅಪ್ಪ ಇನ್ನೊಮ್ಮೆ ಹಲ್ಲು ಕಚ್ಚಿ ಎಳೆದರು. ಲಿವರ್ ಟಕ್ಕೆಂದು ಬಿತ್ತು.

ಆದರೂ ಅವರು ಕೈ ಬಿಡಲಿಲ್ಲ. ಬಗ್ಗಿ, ಹಳಿಗೆ ಹಳಿ ಒತ್ತಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎಡಗೈ ಎತ್ತಿದರು.

"ಬಿಡಪ್ಪಾ ಗಾಡಿ."

ರೈಲು ಪಾಯಿಂಟಿನಲ್ಲಿ ಹೊರಳಿ ಒಳಹಳಿಗೆ ಹೋಯಿತು. ಅಪ್ಪ ಅದನ್ನೇ ನೋಡುತ್ತಾ ಗೊಣಗಿದರು.

"ಅಳತೆಗೆ ಬಂದಿದ್ದ ದಿನಾನೇ ಕಿಟಕಿ ಹತ್ರ ಕರೆದು ಹೇಳಿದ್ದೆ ಈ ಹುಡುಗಂಗೆ. ರಿಮೋಟ್ ತಂದ್ರೆ ಎಸೀತೀನಿ, ಎಳೆಯೋ ಅಂಥದ್ದು ತಾ, ಅವ್ಳಿಗೆ ಹೇಳ್ಬೇಡ ಅಂತ. ಆಣೆ ಹಾಕಿಸ್ಕೊಂಡಿದ್ದೆ. ನನ್ನ ಕೈಲಿ ಆಗ್ದೇ ಹೋದ್ರೆ ನೀನು ಅಳ್ತೀಯ. ಅದನ್ನ ನೋಡೋಕಾಗಲ್ಲಮ್ಮ ನಂಗೆ."

ಅವಳು ಈಗ ಅತ್ತೇಬಿಟ್ಟಳು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ದುರ್ಗೇಶನ ಮುಂದೆ ಹೋಗಿ ನಿಂತಳು.

"ಮೋಸಗಾರ ಅಂದ್ರೂ ಸುಮ್ನೆ ನಿಂತ್ರಲ್ಲ, ಬಾಯಿ ಬಿದ್ದೋಗಿತ್ತಾ?"

"ಆಣಿ ಮಾಡಿದ್ನೆಲ್ರಿ."

"ಬೇಜಾರಾಗ್ಲಿಲ್ವಾ?"

"ಆತ್ರಿ. ಸಾಮಾನು ತಗೊಂಡು ಹೊಂಟೇ ಬಿಡ್ಲೇನು ಅನ್ನಿಸ್ತು. ಹೋದ್ರ ಮತ್ತ ನಿಮ್ಮನ್ನ ನೋಡಾಕ ಯಾವ ನೆಪ ಹೇಳ್ಲಿ ಅಂತ ನಿಂತೆ."

ಅವಳು ಕಣ್ಣೊರೆಸಿಕೊಂಡಳು. ಆದರೂ ದನಿ ಇಳಿಸಲಿಲ್ಲ.

"ನೆಪ ಯಾಕ್ರೀ ಬೇಕು? ಇಷ್ಟ ಅಂತ ನೆಟ್ಟಗೆ ಹೇಳೋಕೇನು?"

"ಇಷ್ಟ ಅದೀರಿ. ಭಾಳ."

"ನಂಗೂನೂ... ಆದ್ರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಇರ್ಲಿ ಬಿಡ್ರಿ. ಅದು ಇಳಿಯೋತನಾ ನಾ ಇಲ್ಲೇ ಇರ್ತೀನಿ."

"ಹಾಗಾದ್ರೆ ಇಳಿಯೋದೇ ಬೇಡ," ಅಂದಳು ಬೃಂದಾ.