ಅಳೆಯಬಾರದ ಕೋಣೆ

"ಮನಿ ತಗೋರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ಒಳಗಿನ ಕ್ವಾಣ್ಯಾಗ ಮಾತ್ರ ಅಳತಿ ಟೇಪ್ ಹಿಡಿಬ್ಯಾಡ್ರಿ," ಎಂದಳು ಪಕ್ಕದ ಮನೆಯ ಕೆಂಚವ್ವ, ಕಾಂಪೌಂಡಿನ ಆಚೆ ನಿಂತೇ.

ನೇತ್ರಾ ನಕ್ಕಳು. ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ಅವಳು. ಘೋಡಗೇರಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಬೇಸತ್ತು, ಪೇಟೆಯ ನಡುವಿನ ಈ ಹಳೆಯ ಮನೆಯನ್ನು ಮೆಚ್ಚಿದ್ದಳು. "ಕಾಗದಪತ್ರ ಚೊಕ್ಕ ಅದಾವ್ರಿ, ಮ್ಯಾಲೆ ಮ್ಯಾಲೆ ನೋಡಿ ಮುಗಿಸೂಣು," ಎಂದು ದಲಾಲ ಮಾಲಿಂಗಪ್ಪ ಎಷ್ಟು ಹೇಳಿದರೂ ಕೇಳದೆ, ಒಂದೊಂದು ಗೋಡೆಯನ್ನೂ ತಟ್ಟಿ ಅಳೆಯುವ ಪೂರ್ತಿ ಸರ್ವೆಯೇ ಬೇಕೆಂದು ಸಂಕೇಶ್ವರದಿಂದ ಸರ್ವೆಯರ್ ಯಲ್ಲಾಲಿಂಗನನ್ನು ಕರೆಸಿದ್ದಳು.

"ಯಾಕ ಹಿಡಿಬಾರದು?"

ಮುದುಕಿ ದನಿ ತಗ್ಗಿಸಿದಳು. "ಈ ಮನಿ ಅಣ್ಣತಮ್ಮರು ಪಾಲ ಆಗುಮುಂದ ಅಣ್ಣ ಅಳತ್ಯಾಗ ಮೋಸ ಮಾಡಿದ. ತಮ್ಮನ ಹೇಂತಿ ಯಮನವ್ವ ಉಟ್ಟ ಸೀರಿ ಮ್ಯಾಲೆ ಹೊರಗ ಬಿದ್ಲು. ಹೋಗುಮುಂದ ಆ ಹೊಸ್ತಿಲದಾಗ ಮಾಟ ಹುಗಿಸಿದ್ಲು. ಒಳಗ ನಿಂತು ಅಳತಿ ಹಿಡದವರಿಗೆ ಎಲ್ಲೂ ಜಾಗಾ ಸಿಗಬಾರದು ಅಂತ."

"ಹಂಗಾರ ಆ ಮಾಟದ್ದೂ ಉದ್ದಗಲ ಬರಕೊಂಡ ಬರ್ತೀವಿ ಬಿಡ್ರಿ!"

ಹೊರಗೆ ಮಟಮಟ ಮಧ್ಯಾಹ್ನ. ಒಳಕೋಣೆಯಲ್ಲಿ ಮಾತ್ರ ಕಿಟಕಿಯಿಲ್ಲದ, ಕೈಗೆ ಅಂಟುವಂಥ ಕತ್ತಲೆ. ಕಮಟು ಮಣ್ಣಿನ ವಾಸನೆಯ ನಡುವೆ ಸುಟ್ಟ ಮೆಣಸಿನಕಾಯಿಯ ಘಾಟು ಮೂಗಿಗೆ ಹತ್ತಿತು. ಯಲ್ಲಾಲಿಂಗ ಹೊಸ್ತಿಲು ದಾಟಲಿಲ್ಲ. ಟೇಪಿನ ತುದಿಯನ್ನು ನೇತ್ರಾಳೇ ಹಿಡಿದು ಎದುರಿನ ಗೋಡೆಯವರೆಗೆ ನಡೆದಳು.

"ಬಿಗಿ ಹಿಡೀರಿ ಮೇಡಂ. ಟೇಪ್ ಸಡ್ಲಾಗಾಕತ್ತೈತಿ."

"ಬಿಗಿನ ಹಿಡದೇನಿ."

ಟೇಪು ನಡುವೆ ಜೋತುಬಿತ್ತು. ಅವನು ಸುತ್ತಿಕೊಂಡ. ಮತ್ತೆ ಜೋತಿತು. ಮತ್ತೆ ಸುತ್ತಿಕೊಂಡ.

"ಮೇಡಂ, ನೀವು ಮುಂದ ಬರಾಕತ್ತೀರಿ."

"ಇಲ್ಲೋ. ಗ್ವಾಡಿಗೇ ಹಚ್ಚಿ ನಿಂತೇನಿ."

ಅವಳ ಬೆನ್ನಿಗೆ ತಣ್ಣಗೆ ಏನೋ ಒತ್ತಿತು. ಗೋಡೆ. ಎಡಭುಜಕ್ಕೆ ಸುಣ್ಣದ ಹಕ್ಕಳೆ ತರಚಿತು. ಬಲಭುಜಕ್ಕೂ ತರಚಿತು. ಕೈ ಚಾಚಹೋದಳು. ಮೊಣಕೈ ಬಿಚ್ಚಲಿಲ್ಲ. ಉಸಿರೆಳೆದಳು. ಎದೆ ಹಿಗ್ಗಲು ಜಾಗವಿಲ್ಲ. ಕಿವಿಯ ಹತ್ತಿರವೇ ಯಾರೋ ಹೆಂಗಸು ಮೆಲ್ಲಗೆ ಗೇಣು ಹಾಕುತ್ತ ಎಣಿಸುತ್ತಿದ್ದಳು. ನೇತ್ರಾ ಚೀರಿದಳು. ಯಲ್ಲಾಲಿಂಗ ಟೇಪನ್ನು ಎರಡೂ ಕೈಯಿಂದ ಜಗ್ಗಿದ. ನೇತ್ರಾಳ ಅಂಗೈ ಸೀಳಿತು. ಅವಳು ಬಿಡಲಿಲ್ಲ. ಹೊಸ್ತಿಲ ಮೇಲೆ ಬಿದ್ದಳು. ಹೊರಗೆ ಬಂದಳು.

ತಿರುಗಿ ನೋಡಿದರೆ ಕೋಣೆ ಮೊದಲಿನಷ್ಟೇ ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು.

ಮನೆ ಬೇಡವೆಂದು ಅಂದೇ ಮಾಲಿಂಗಪ್ಪನಿಗೆ ಹೇಳಿಬಿಟ್ಟಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಆದರೆ ಆ ವಾರವೇ ಪಾಠ ಮಾಡುತ್ತಿದ್ದಾಗ ಕರಿಹಲಗೆ ಬೆನ್ನಿಗೆ ಒತ್ತಿತು, ಅವಳು ತರಗತಿಯಿಂದ ಓಡಿದಳು. ಘೋಡಗೇರಿಯ ತನ್ನ ಮನೆಯಲ್ಲೂ ಕುಳಿತಲ್ಲಿ ಕೂರಲಾರಳು. ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ. ಹೋದಲ್ಲೆಲ್ಲ ಗೋಡೆಗಳು ಹತ್ತಿರ ಬರುತ್ತಿದ್ದವು. ಗಂಡ ಅಭಿಷೇಕನಿಗೆ ಏನೂ ಕಾಣುತ್ತಿರಲಿಲ್ಲ. ಅವಳ ಭುಜಗಳ ತರಚುಗಾಯ ಮಾತ್ರ ಕಾಣುತ್ತಿತ್ತು, ಅದು ದಿನಾ ಹಸಿಯಾಗಿಯೇ ಇರುತ್ತಿತ್ತು.

ಮಾಟ ತೆಗೆಸಲು ಯಮನವ್ವನನ್ನು ಹುಡುಕಿಕೊಂಡು ಇಬ್ಬರೂ ಅವಳ ಊರು ಮೇಲವಂಕಿಗೆ ಹೋದರು. ಅವಳು ತೀರಿ ಎಷ್ಟೋ ವರ್ಷವಾಗಿತ್ತು. "ಹುಗಿಸಿದಾಕಿನ ಬಂದು ಅದನ್ನ ತಗೀಬೇಕ್ರಿ. ಬ್ಯಾರೆಯವರ ಕೈಲಿ ಆಗೂದಿಲ್ಲ," ಎಂದು ಅವಳ ಮಗಳು ಬಾಗಿಲು ಹಾಕಿಕೊಂಡಳು.

ಈಗ ನೇತ್ರಾ ಹೊಲದ ನಡುವಿನ ಬಯಲಿನಲ್ಲಿ ಹೊರಸು ಮಂಚ ಹಾಕಿಕೊಂಡು ಇದ್ದಾಳೆ. ಅಲ್ಲಿ ಗೋಡೆಗಳಿಲ್ಲ. ಮೊದಮೊದಲು ನಿದ್ದೆಯೂ ಬಂತು. ನಿನ್ನೆ ಬುತ್ತಿ ತಂದ ಅಭಿಷೇಕನ ತೋಳನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕೂ ಕಡೆ ಆಳೆತ್ತರ ಬೆಳೆದ ಕಬ್ಬು ಗಾಳಿಯಿಲ್ಲದೆಯೂ ಸರಸರ ಎನ್ನುತ್ತಿತ್ತು.

"ಕಬ್ಬ ಕಡಸ್ರಿ," ಎಂದಳು. "ಹತ್ತರ ಬರಾಕತ್ತೈತಿ."

ಅವಳನ್ನು ಸಮಾಧಾನ ಮಾಡುತ್ತ ಅಭಿಷೇಕ ಹಿಂತಿರುಗಿ ನೋಡಿದ. ತಾನು ಈಗಷ್ಟೇ ನಡೆದುಬಂದ ದಾರಿ ಎಲ್ಲೂ ಕಾಣಲಿಲ್ಲ.